ಅಘನಾಶಿನಿ ಅಳಿವೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಬರುವ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ. ಆ ವಿಷಯಗಳನ್ನು ಚುಟುಕಾಗಿ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಅಘನಾಶಿನಿ ಅಳಿವೆ ಎಂದರೆ ಸರಿಯಾಗಿ ಎಲ್ಲಿ?

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ. ಶಿರಸಿ ಸೀಮೆಯಲ್ಲಿ ಹುಟ್ಟಿದ ಅಘನಾಶಿನಿ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಘಟ್ಟ ಇಳಿದು, ದಿವಗಿ–ಮಿರ್ಜಾನದ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆಯಡಿ ಹಾಯುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಅವಸರವೇ ಇಲ್ಲ. ಹರಡಿಕೊಂಡು, ಕವಲೊಡೆದು, ಕೂರ್ವೆ ಎಂಬ ನಡುಗಡ್ಡೆಗಳನ್ನು ಸುತ್ತಿಕೊಂಡು, ಕೊನೆಗೆ ಉತ್ತರಕ್ಕೆ ತದಡಿ, ದಕ್ಷಿಣಕ್ಕೆ ಅಘನಾಶಿನಿ ಎಂಬ ಊರು, ಇವೆರಡರ ನಡುವಿನ ಬಾಯಿಯಿಂದ ಅರಬ್ಬೀ ಸಮುದ್ರ ಸೇರುತ್ತದೆ. ನದಿಗೂ ಊರಿಗೂ ಒಂದೇ ಹೆಸರು, ದಾರಿ ಕೇಳುವಾಗ ಗೊಂದಲ ಆಗುವುದು ಇಲ್ಲೇ.

ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ಮುಂದೆ ಓದುವ ಪ್ರತಿಯೊಂದು ಉತ್ತರದ ಬೇರೂ ಈ ಮಾತಿನಲ್ಲಿದೆ.

ಗೋಕರ್ಣದ ಬೀಚುಗಳಿಗೂ ಇದಕ್ಕೂ ಏನು ವ್ಯತ್ಯಾಸ? ನೋಡಲಿಕ್ಕೆ ಏನಿದೆ?

ಬೀಚಿಗೆ ಹೋದವರು ಕಡಲನ್ನು ನೋಡುತ್ತಾರೆ. ಇಲ್ಲಿ ನೋಡಬೇಕಾದದ್ದು ಕಡಲು ನದಿಯೊಳಗೆ ಬಂದು ಹೋಗುವುದನ್ನು. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಬಳಚು (ಮರಳಿನಲ್ಲಿ ಹುದುಗಿರುವ, ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿರುತ್ತಾರೆ. ಸಂಜೆ ಅದೇ ಜಾಗದಲ್ಲಿ ಮತ್ತೆ ಎದೆಮಟ್ಟದ ನೀರು. ಗಜನಿ ಗದ್ದೆಗಳು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪಿನ ಆಗರ, ಹಕ್ಕಿಗಳು, ಹಳೆಯ ಕೋಟೆ, ದಾಟುವ ಬಾರ್ಜು, ನಡುಗಡ್ಡೆಯ ಊರುಗಳು. ಯಾವುದಕ್ಕೂ ಟಿಕೆಟ್ ಕೌಂಟರಿನ ಅಬ್ಬರ ಇಲ್ಲ. ಹಾಗೆಯೇ, ‘ಇಲ್ಲಿ ನಿಂತು ನೋಡಿ’ ಎಂದು ಫಲಕವೂ ಇಲ್ಲ. ಅರ್ಧ ದಿನದಲ್ಲಿ ಐದು ಸ್ಥಳ ಮುಗಿಸುವ ಲೆಕ್ಕ ಇಟ್ಟುಕೊಂಡು ಬಂದರೆ ನಿರಾಸೆ ಆಗುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಯಾವ ತಿಂಗಳು ಒಳ್ಳೆಯದು?

ಮೊದಲ ಸಲ ಬರುವವರಿಗೆ ನವೆಂಬರಿನಿಂದ ಫೆಬ್ರುವರಿ. ಬಿಸಿಲು ಹದ, ಗಾಳಿ ಮೃದು, ವಲಸೆ ಹಕ್ಕಿಗಳೂ ಇರುತ್ತವೆ. ಕಗ್ಗ ಎಂಬ ಇಲ್ಲಿಯ ಭತ್ತದ ಪೈರು ನೋಡಬೇಕೆಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲೇ ಬರಬೇಕು, ಆಮೇಲೆ ಗದ್ದೆಯೇ ನೀರಾಗಿಬಿಡುತ್ತದೆ. ಆಗರದಲ್ಲಿ ಉಪ್ಪು ಬಾಚುವುದು ಬೇಸಿಗೆಯಲ್ಲಿ. ಮಾರ್ಚ್–ಏಪ್ರಿಲಿನಲ್ಲಿ ಸೆಖೆ ವಿಪರೀತ. ಆದರೂ ಆ ಹೊತ್ತಿಗೆ ಬಂದವರಿಗೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತುಹಾಕಿದ ಕುಮಟಾದ ಸಿಹಿ ಈರುಳ್ಳಿ ಸಿಗುತ್ತದೆ. ಹೋಳಿಯ ಆಸುಪಾಸಿನಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತಂಡಗಳು, ತಲೆಯ ಮೇಲೆ ಬಣ್ಣದ ತುರಾಯಿ ಹೊತ್ತು, ಮನೆಮನೆಗೆ ಬರುತ್ತವೆ.

ಮಳೆಗಾಲದಲ್ಲಿ ಬರಬೇಡಿ ಎನ್ನಲಾರೆ, ನನಗೆ ಈ ಸೀಮೆ ಅತಿ ಚೆಂದ ಕಾಣುವುದು ಜುಲೈಯಲ್ಲೇ. ಆದರೆ ಆಗ ನೀರಿಗಿಳಿಯುವ ಆಸೆ ಬಿಡಬೇಕು. ದಂಡೆಯ ಮೇಲೆ ಕೊಡೆ ಹಿಡಿದು ನಿಂತು, ಘಟ್ಟದ ಕೆಂಪು ನೀರು ಕಡಲಿನ ಬೂದು ಬಣ್ಣಕ್ಕೆ ನುಗ್ಗುವುದನ್ನು ನೋಡುವುದಷ್ಟೇ.

ಭರತ-ಇಳಿತದ ಹೊತ್ತು ಗೊತ್ತು ಮಾಡಿಕೊಳ್ಳುವುದು ಹೇಗೆ?

ಇಲ್ಲಿಯ ಗಡಿಯಾರ ಅದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಲು ಸುಮಾರು ಆರು ತಾಸು, ಇಳಿಯಲು ಸುಮಾರು ಆರು ತಾಸು. ಇಂದು ಹತ್ತು ಗಂಟೆಗೆ ಪೂರ್ತಿ ಇಳಿದಿದ್ದರೆ ನಾಳೆ ಇಳಿಯುವುದು ಹತ್ತು ಐವತ್ತರ ಹೊತ್ತಿಗೆ, ಅಂದರೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ನೀರು ತುಂಬ ಏರಿ ತುಂಬ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸಣ್ಣದು.

ಮೊಬೈಲಿನಲ್ಲಿ ಕಾರವಾರ ಬಂದರಿನ ಭರತದ ಪಟ್ಟಿ ಸಿಗುತ್ತದೆ, ಅದನ್ನು ನೋಡಿ ಹೊರಡಿ. ಅಳಿವೆಯ ಬಾಯಿಯಿಂದ ಒಳಗೆ ಹೋದಷ್ಟೂ ಏರಿಳಿತ ತಡವಾಗುತ್ತದೆ ಎನ್ನುವುದೊಂದು ನೆನಪಿರಲಿ. ಉಪ್ಪುನೀರು ಉಪ್ಪಿನಪಟ್ಟಣದ ಕಡೆಯವರೆಗೂ ಏರುತ್ತದೆ. ಹಿಂದೆ ಉಪ್ಪು ಹೊತ್ತ ದೋಣಿಗಳು ಅಲ್ಲಿಯವರೆಗೆ ಹೋಗುತ್ತಿದ್ದವು, ಊರಿನ ಹೆಸರಿನಲ್ಲೇ ಆ ಕತೆ ಉಳಿದಿದೆ. ಪಟ್ಟಿಗಿಂತ ನಂಬಿಕಸ್ತರು ದಂಡೆಯ ಮನೆಯವರು. ‘ನೀರು ಎಷ್ಟೊತ್ತಿಗೆ ಇಳಿತದೆ?’ ಎಂದು ಕೇಳಿ, ಕ್ಯಾಲೆಂಡರ್ ನೋಡದೆ ಹೇಳುತ್ತಾರೆ.

ದೋಣಿ ಮತ್ತು ಕಾಂಡ್ಲಾಕ್ಕೆ ನೀರು ಏರುವ ಹೊತ್ತು, ಬಳಚು ಮತ್ತು ಹಕ್ಕಿಗಳಿಗೆ ಇಳಿಯುವ ಹೊತ್ತು. ಇಷ್ಟು ತಿಳಿದರೆ ನಿಮ್ಮ ದಿನದ ಯೋಜನೆ ತಾನಾಗಿ ಸಿದ್ಧವಾಗುತ್ತದೆ.

ಗಜನಿ ಎಂದರೆ ಏನು? ಕಗ್ಗ ಕಗ್ಗ ಎನ್ನುತ್ತಾರಲ್ಲ, ಅದೇನು?

ನದಿಯ ಉಪ್ಪುನೀರು ನುಗ್ಗುವ ತಗ್ಗಿನ ಬಯಲಿಗೆ ಗಜನಿ ಎನ್ನುತ್ತೇವೆ. ಆ ಬಯಲಿಗೆ ಒಡ್ಡು ಕಟ್ಟಿ, ಒಡ್ಡಿನಲ್ಲಿ ಹಲಗೆಯ ಬಾಗಿಲಿಟ್ಟು, ಮಳೆಗಾಲದಲ್ಲಿ ಭತ್ತ, ಉಳಿದ ಕಾಲದಲ್ಲಿ ಮೀನು-ಶೆಟ್ಲಿ (ಸಿಗಡಿ) ಬೆಳೆಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಉಪ್ಪು ಕುಡಿದು ಬದುಕುವ ಆ ಭತ್ತವೇ ಕಗ್ಗ. ಕರಿ ಕಗ್ಗ, ಬಿಳಿ ಕಗ್ಗ ಎಂದು ಎರಡು ಬಗೆ ಇವೆ.

ಕೆಲಸದ ಕ್ರಮ ಹೀಗೆ. ಜೂನಿನ ಮಳೆ ಗದ್ದೆಯ ಉಪ್ಪನ್ನು ತೊಳೆಯುವವರೆಗೆ ಕಾಯಬೇಕು. ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಚೆಲ್ಲುತ್ತಾರೆ. ಆಮೇಲೆ ಗೊಬ್ಬರ ಇಲ್ಲ, ಔಷಧ ಇಲ್ಲ. ಗೊಬ್ಬರದ ಕೆಲಸವನ್ನು ನದಿ ತಂದ ಹೂಳು ಮಾಡುತ್ತದೆ. ನೆರೆ ಬಂದು ಪೈರು ಮುಳುಗಿದರೂ ಕಗ್ಗ ಕೊಳೆಯದೆ ನೀರಿಳಿದ ಮೇಲೆ ತಲೆಯೆತ್ತುತ್ತದೆ. ಅಕ್ಟೋಬರಿನ ಹೊತ್ತಿಗೆ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಾರೆ, ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ. ಬಳಿಕ ಬಾಗಿಲೆತ್ತಿ ಭರತದ ನೀರನ್ನು ಒಳಬಿಟ್ಟರೆ ಅದರ ಜೊತೆ ಮೀನಿನ ಮರಿ, ಶೆಟ್ಲಿ ಮರಿ ಬರುತ್ತವೆ. ಕೊಳೆಯುವ ಹುಲ್ಲಿನಲ್ಲಿ ಅವುಗಳಿಗೆ ಊಟ.

ಈ ಒಡ್ಡು ಒಬ್ಬನದಲ್ಲ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಆದ್ದರಿಂದ ಉಳುಮೆ, ಕಾವಲು, ಒಡ್ಡಿನ ರಿಪೇರಿ ಎಲ್ಲವೂ ಊರೊಟ್ಟಿನ ಕೆಲಸ. ಮಾಣಿಕಟ್ಟಾದಲ್ಲಿ ರೈತರು ಒಟ್ಟುಗೂಡಿ ಕಗ್ಗವನ್ನು ಉಳಿಸಿಕೊಂಡಿರುವುದು ಇಂಥ ಹಟದಿಂದಲೇ. ಕಳೆದ ಶತಮಾನದ ಕೊನೆಯಲ್ಲಿ ಸಿಗಡಿ ಕೃಷಿಯ ಭರಾಟೆ ಎದ್ದಾಗ ಎಷ್ಟೋ ಗಜನಿಗಳು ವರ್ಷವಿಡೀ ಉಪ್ಪುನೀರಿನ ಹೊಂಡಗಳಾದವು. ಮುಂದೆ ಸಿಗಡಿಗೆ ಬಿಳಿಚುಕ್ಕೆ ರೋಗ ಬಡಿಯಿತು. ಭತ್ತಕ್ಕೆ ಮರಳಲು ಹಲವರಿಗೆ ಬೀಜವೂ ಉಳಿದಿರಲಿಲ್ಲ, ಒಡ್ಡೂ ಉಳಿದಿರಲಿಲ್ಲ. ಹಾಗಾಗಿ ಕೆಂಪು ಬಣ್ಣದ ಕಗ್ಗದ ಅಕ್ಕಿ ಎಲ್ಲಾದರೂ ಮಾರಾಟಕ್ಕೆ ಕಂಡರೆ ಒಂದೆರಡು ಕಿಲೋ ಕೊಂಡು ಹೋಗಿ. ಗಂಜಿ ಮಾಡಿ ಉಣ್ಣಿ, ನಿಧಾನ ಬೇಯುತ್ತದೆ, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ.

ಗಜನಿಯ ಒಡ್ಡಿನ ಮೇಲೆ ನಡೆದಾಡಬಹುದೇ?

ನಡೆಯಬಹುದು, ನನ್ನ ಪ್ರಕಾರ ಈ ಸೀಮೆಯ ಅತ್ಯುತ್ತಮ ನಡಿಗೆ ಅದೇ. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಗದ್ದೆ, ಎರಡರಲ್ಲೂ ನೀರಿನ ಮಟ್ಟ ಬೇರೆ ಬೇರೆ. ಬೆಳಿಗ್ಗೆ ಏಳರೊಳಗೆ ಹೊರಡಿ. ಮಣ್ಣಿನ ಒಡ್ಡಿನ ಮೇಲೆ ಬೈಕು ಬೇಡ. ಬಾಗಿಲಿನ ಹಲಗೆಗಳನ್ನು ಮುಟ್ಟಲೇಬಾರದು. ಒಮ್ಮೆ ಬಂದ ಗುಂಪೊಂದರ ಹುಡುಗರು ಚಿತ್ರ ತೆಗೆಯಲೆಂದು ಹಲಗೆ ಎತ್ತಿ ಹಾಗೇ ಬಿಟ್ಟುಹೋಗಿದ್ದರು. ಆ ರಾತ್ರಿ ಹೊರಹೋದದ್ದು ಒಂದು ಮನೆಯ ತಿಂಗಳುಗಟ್ಟಲೆಯ ಮೀನು.

ಬಳಚು ಹೆಕ್ಕುವುದನ್ನು ನೋಡಬಹುದೇ? ನಾವೂ ಹೆಕ್ಕಬಹುದೇ?

ನೀರು ಇಳಿದಾಗ ಮರಳದಿಬ್ಬಗಳು ಎದ್ದು ನಿಲ್ಲುತ್ತವೆ. ಸುತ್ತಲ ಹಳ್ಳಿಗಳಿಂದ ನೂರಾರು ಜನ, ಹೆಚ್ಚಿನವರು ಹೆಂಗಸರು, ಪಾತಿ ದೋಣಿಯಲ್ಲಿ ಬುಟ್ಟಿ ಸಮೇತ ಬಂದಿಳಿಯುತ್ತಾರೆ. ಕೆಲವರು ಕೈಯಿಂದಲೇ ಮರಳು ಕೆದಕುತ್ತಾರೆ, ಕೆಲವರು ಕುತ್ತಿಗೆಮಟ್ಟದ ನೀರಿನಲ್ಲಿ ಕಾಲಿನಿಂದ ತಡಕಿ ಮುಳುಗಿ ಎತ್ತುತ್ತಾರೆ. ನೀರು ಮರಳುವುದರೊಳಗೆ ಬುಟ್ಟಿ ತುಂಬಬೇಕು.

ಬಳಚಿಗೆ ಬೇಕಾದದ್ದು ಪೂರ್ತಿ ಸಿಹಿಯೂ ಅಲ್ಲದ, ಪೂರ್ತಿ ಉಪ್ಪೂ ಅಲ್ಲದ ನೀರು. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ವಿದ್ಯುತ್ ಉತ್ಪಾದನೆಗೆ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಅಲ್ಲಿಯ ಅಳಿವೆಯ ಉಪ್ಪು ಕಡಿಮೆಯಾಯಿತು, ಅದರೊಂದಿಗೆ ಬಳಚೂ ಕ್ಷೀಣಿಸಿತು. ಅಘನಾಶಿನಿಯಲ್ಲಿ ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು ಎಂಬ ಹಳೆಯ ಲಯ ತಪ್ಪಿಲ್ಲ. ಆ ಬುಟ್ಟಿ ತುಂಬುವುದು ಅದಕ್ಕೇ.

ನೋಡಿ, ಮಾತಾಡಿಸಿ, ಕರೆದರೆ ಜೊತೆಗಿಳಿದು ಒಂದು ಮುಷ್ಟಿ ಹೆಕ್ಕಿಯೂ ನೋಡಿ. ಆದರೆ ಚೀಲ ತುಂಬಿಕೊಂಡು ಹೋಗಬೇಡಿ. ನಿಮಗದು ಆಟ, ಅವರಿಗೆ ದಿನದ ಕೂಲಿ. ಬೇಕಿದ್ದರೆ ಅವರಿಂದಲೇ ಕೊಳ್ಳಿ, ಚೌಕಾಸಿ ಮಾಡದೆ. ಸೊಂಟ ಬಗ್ಗಿಸಿ ದುಡಿಯುವವರ ಚಿತ್ರವನ್ನು ದೂರದಿಂದ ಕದ್ದು ತೆಗೆಯುವುದೂ ಬೇಡ. ಕೇಳಿದರೆ ಬಹುತೇಕ ‘ಹೂಂ’ ಎನ್ನುತ್ತಾರೆ, ‘ಬೇಡ’ ಎಂದರೆ ಅಲ್ಲಿಗೇ ಬಿಡಿ.

ಕಾಂಡ್ಲಾ ಕಾಡಿನಲ್ಲಿ ಏನು ಗಮನಿಸಬೇಕು?

ಬೇರನ್ನು. ಕೆಲವು ಜಾತಿಗಳು ಊರುಗೋಲಿನ ಹಾಗೆ ಬಾಗಿದ ಬೇರುಗಳ ಮೇಲೆ ನಿಂತಿರುತ್ತವೆ. ಇನ್ನು ಕೆಲವದರ ಸುತ್ತ ಕೆಸರಿನಿಂದ ಪೆನ್ಸಿಲಿನಂತೆ ಸಾವಿರಾರು ಬೇರು ಮೇಲೆದ್ದಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲದ್ದರಿಂದ ಅವು ಉಸಿರಾಡುವುದು ಹೀಗೆ. ಅವನ್ನು ತುಳಿಯುವುದೆಂದರೆ ಮರದ ಮೂಗು ಒತ್ತಿದ ಹಾಗೆ. ಕಾಯಿಯನ್ನೂ ನೋಡಿ: ಬೀಜ ತಾಯಿ ಮರದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದೆ. ಕಳಚಿ ಬಿದ್ದದ್ದು ಕೆಸರಿಗೆ ನಾಟಿದರೆ ಅಲ್ಲೇ ಗಿಡ, ನೀರಿಗೆ ಬಿದ್ದರೆ ತೇಲಿ ಬೇರೆಡೆ ಊರುತ್ತದೆ. ಎಲೆಯ ಹಿಂಬದಿ ನೆಕ್ಕಿದರೆ ಉಪ್ಪು ಹತ್ತುವ ಜಾತಿಯೂ ಇದೆ. ಆದರೆ ಗೊತ್ತಿಲ್ಲದ ಗಿಡವನ್ನು ನಾಲಿಗೆಗೆ ತಾಗಿಸಬೇಡಿ. ಕಣ್ಣಿಗೆ ಬಿದ್ದರೆ ಉರಿಯೆಬ್ಬಿಸುವ ಹಾಲಿನ ಮರವೂ ಇದೇ ಗುಂಪಿನಲ್ಲಿದೆ.

ಕೆಸರಿಗಿಳಿಯದೆ ಕಾಂಡ್ಲಾ ನೋಡಬೇಕೆಂದರೆ ಹೊನ್ನಾವರದ ಶರಾವತಿ ಕಾಂಡ್ಲಾ ವನಕ್ಕೆ ಹೋಗಿ. ಅಲ್ಲಿ ಮರದ ಕಾಲುಹಾದಿ ಇದೆ. ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ ನಾನೂ ಅಲ್ಲಿಗೇ ಕರೆದೊಯ್ಯುತ್ತೇನೆ.

ದೋಣಿ, ಕಯಾಕ್ ಸಿಗುತ್ತವೆಯೇ?

ಮೀನುಗಾರರ ದೋಣಿಯನ್ನು ಮೊದಲೇ ಮಾತಾಡಿಕೊಂಡರೆ ಸಿಗುತ್ತದೆ. ಉಳಿದುಕೊಂಡ ಮನೆಯವರ ಮೂಲಕ ಕೇಳುವುದು ಸುಲಭ. ಕಯಾಕ್ ಒದಗಿಸುವವರು ಗೋಕರ್ಣ, ಹೊನ್ನಾವರಗಳ ಸುತ್ತ ಇದ್ದಾರೆ. ಯಾವುದೇ ಆದರೂ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ‘ಇಲ್ಲಿ ಆಳ ಇಲ್ಲ’ ಎಂದರೂ ಹತ್ತಬೇಡಿ. ಇಳಿತದ ಹೊತ್ತಿಗೆ ಅಳಿವೆಯ ಬಾಯಿಯ ಕಡೆ ಹುಟ್ಟು ಹಾಕಿದರೆ ನೀರೇ ಕಡಲಿಗೆ ಎಳೆದೊಯ್ಯುತ್ತದೆ, ನುರಿತವರೂ ಆಗ ಬಾಯಿಯ ಹತ್ತಿರ ಹೋಗುವುದಿಲ್ಲ. ಏರುವ ನೀರಿನ ಜೊತೆ ಒಳಕ್ಕೆ, ಇಳಿಯುವ ನೀರಿನ ಜೊತೆ ವಾಪಸ್ಸು ಬರುವುದು ಅಂಬಿಗರ ಹಳೆಯ ಲೆಕ್ಕ.

ಐಗಳಕೂರ್ವೆಯಂಥ ನಡುಗಡ್ಡೆಗಳನ್ನು ದೋಣಿಯಿಂದ ನೋಡುವ ಸುಖವೇ ಬೇರೆ. ನಾಲ್ಕೂ ಕಡೆ ನೀರು, ನಡುವೆ ತೆಂಗು, ಅಂಗಳದಲ್ಲಿ ಒಣಹಾಕಿದ ಬಲೆ.

ತದಡಿಯಿಂದ ಅಘನಾಶಿನಿಗೆ ಬಾರ್ಜಿನಲ್ಲಿ ಬೈಕ್ ದಾಟಿಸಬಹುದೇ?

ಬೈಕು, ಸೈಕಲ್ ದಾಟುತ್ತವೆ. ಗೋಕರ್ಣದ ಕಡೆಯಿಂದ ತದಡಿ ಬಂದರಿಗೆ ಬಂದು, ಆಚೆ ದಡಕ್ಕೆ ದಾಟಿ, ಕಾಗಾಲ, ಬಾಡದ ಹಾದಿಯಲ್ಲಿ ಕುಮಟಾ ತಲುಪುವ ಸೈಕಲ್ ದಾರಿಯನ್ನು ಎರಡು ಮಾತಿಲ್ಲದೆ ಶಿಫಾರಸು ಮಾಡುತ್ತೇನೆ. ಹೆದ್ದಾರಿಯ ಗೋಳಿಲ್ಲ, ಏರುದಾರಿ ಹೆಚ್ಚಿಲ್ಲ. ಹೊರಡುವ ಮುನ್ನ ಆ ದಿನ ಬಾರ್ಜು ಓಡುತ್ತಿದೆಯೇ ಎಂದು ಸ್ಥಳದಲ್ಲೇ ವಿಚಾರಿಸಿ. ಮಳೆ-ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಕೊನೆಯ ಬಾರ್ಜು ತಪ್ಪಿದರೆ ಮಿರ್ಜಾನ, ದಿವಗಿ ಸುತ್ತಿಕೊಂಡೇ ಬರಬೇಕು.

ಹಕ್ಕಿ ನೋಡುವವರಿಗೆ ಏನು ಸಿಗುತ್ತದೆ?

ಗರುಡ, ಬಿಳಿ ಹೊಟ್ಟೆಯ ಕಡಲ ಹದ್ದು, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳು ವರ್ಷವಿಡೀ. ಚಳಿಗಾಲದಲ್ಲಿ ಉತ್ತರದಿಂದ ಬರುವ ಕಡಲಕಾಗೆ, ರೀವ, ಗೊರವಗಳ ಹಿಂಡು. ನೀರು ಇಳಿಯಲು ಶುರುವಾದ ಎರಡು ತಾಸಿಗೆ ದಿಬ್ಬದ ಅಂಚಿನಲ್ಲಿ ಕೂತುಬಿಡಿ. ಕೆಸರು ಬಯಲಾದಂತೆ ಅವೇ ಸಮೀಪಕ್ಕೆ ಬರುತ್ತವೆ. ಹಿಂಡನ್ನು ಎಬ್ಬಿಸಿ ಹಾರುವ ಚಿತ್ರ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ತಿನ್ನಲು ಸಿಗುವುದೇ ಆ ನಾಲ್ಕಾರು ತಾಸು.

ಅಳಿವೆಯ ಬಾಯಿಯಲ್ಲಿ ಕೆಲವು ಬೆಳಗು ಗೂನುಬೆನ್ನಿನ ಡಾಲ್ಫಿನ್‌ಗಳೂ ಕಾಣುತ್ತವೆ. ಕಂಡೇ ಕಾಣುತ್ತವೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ.

ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗಬಹುದೇ?

ರಸ್ತೆಯಿಂದಲೇ ಕಾಣುತ್ತದೆ. ಚೌಕ ಚೌಕ ಮಡಿಗಳು, ನಡುವೆ ಬಿಳಿ ರಾಶಿಗಳು. ಒಳಗೆ ಇಳಿಯಬೇಕೆಂದರೆ ಅಲ್ಲಿಯವರನ್ನು ಕೇಳಿ, ಮಡಿಯ ನೆಲವನ್ನು ಅವರು ಮನೆಯಂಗಳಕ್ಕಿಂತ ನಯವಾಗಿ ತಟ್ಟಿ ಹದಗೊಳಿಸಿರುತ್ತಾರೆ, ಚಪ್ಪಲಿಗಾಲು ಬೀಳಬಾರದು. ಭರತದ ನೀರನ್ನು ಒಳತಂದು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿನಲ್ಲಿ ಗಟ್ಟಿಯಾಗಿಸಿ, ಕೊನೆಗೆ ಬಾಚುತ್ತಾರೆ. ಕಲ್ಲುಪ್ಪು ಸ್ವಲ್ಪ ಮಬ್ಬು ಬಣ್ಣದ್ದು. ಉಪ್ಪಿನಕಾಯಿಗೆ ಅದೇ ಬೇಕು ಎನ್ನುವ ಮನೆಗಳು ಘಟ್ಟದ ಮೇಲೆ ಇವತ್ತಿಗೂ ಇವೆ. ಇದೇ ಕರಾವಳಿಯ ಅಂಕೋಲೆಯಲ್ಲಿ 1930ರ ಏಪ್ರಿಲಿನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು. ಉಪ್ಪು ಇಲ್ಲಿ ಬರೀ ಅಡುಗೆಮನೆಯ ಮಾತಲ್ಲ.

ಮಿರ್ಜಾನ ಕೋಟೆಗೆ ಎಷ್ಟು ಹೊತ್ತು ಬೇಕು?

ಎರಡು ತಾಸು. ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಕೆಂಪು ಚಿರೆಕಲ್ಲಿನ ಗೋಡೆ, ಬಾವಿಗಳು, ಸುತ್ತ ಕಂದಕ. ಮಳೆ ಮುಗಿಯುವ ಹೊತ್ತಿಗೆ ಗೋಡೆಯೆಲ್ಲ ಹಸಿರು. ಘಟ್ಟದ ಮೆಣಸು ನದಿಯಲ್ಲಿ ಇಳಿದು ಕಡಲು ಸೇರುತ್ತಿದ್ದ ದಾರಿಯ ಕಾವಲು ಇದು ಎಂದು ಅರಿತು ನೋಡಿದರೆ ಕೋಟೆ ಇಲ್ಲೇ ಏಕೆ ಎನ್ನುವುದು ತಿಳಿಯುತ್ತದೆ.

ಈಜಬಹುದೇ?

ಅಳಿವೆಯಲ್ಲಿ ಬೇಡ. ಸೆಳೆತ ಮೇಲ್ನೋಟಕ್ಕೆ ಕಾಣುವುದಿಲ್ಲ.

ಏನು ಹಾಕಿಕೊಂಡು, ಏನು ಹಿಡಿದುಕೊಂಡು ಬರಬೇಕು?

ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೆಯ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿಯನ್ನು ಕೆಸರು ನುಂಗುತ್ತದೆ. ಬರಿಗಾಲಿನಲ್ಲಿ ನಡೆದರೆ ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಟೋಪಿ, ಎರಡು ಬಾಟಲಿ ನೀರು, ಫೋನಿಗೆ ಪ್ಲಾಸ್ಟಿಕ್ ಚೀಲ. ಮೊಣಕಾಲಿನವರೆಗೆ ಹೂತರೆ ಗಾಬರಿಯಿಂದ ಕಾಲು ಕೀಳಬೇಡಿ, ಹಿಂದಕ್ಕೆ ಒರಗಿ ಒಂದೊಂದೇ ಕಾಲನ್ನು ಅಲುಗಿಸುತ್ತ ಬಿಡಿಸಿಕೊಳ್ಳಿ.

ಊಟಕ್ಕೆ?

ಮೀನು ತಿನ್ನುವವರಾದರೆ ಬಳಚಿನ ಸುಕ್ಕ, ಹುರಿದ ನೊಗ್ಲಿ, ಶೆಟ್ಲಿ ಸಾರು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ತಟ್ಟೆಗೆ ಬರುವುದು ಹೆಚ್ಚಾಗಿ ಹೊಳೆಯ ಮೀನೇ, ಅದರ ರುಚಿಯೇ ಬೇರೆ. ತಿನ್ನದವರಿಗೆ ಅಪ್ಪೆಹುಳಿ, ತಂಬುಳಿ, ಮಳೆಗಾಲವಾದರೆ ಪತ್ರೊಡೆ.

ಬರುವುದು ಹೇಗೆ, ಉಳಿಯುವುದೆಲ್ಲಿ?

ಕೊಂಕಣ ರೈಲಿನಲ್ಲಿ ಕುಮಟಾ ಅಥವಾ ಗೋಕರ್ಣ ರೋಡ್ ನಿಲ್ದಾಣ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಗಾಗುವಷ್ಟರಲ್ಲಿ ತಲುಪಿಸುತ್ತದೆ. ಶಿರಸಿಯಿಂದ ಬರುವವರಿಗೆ ದೇವಿಮನೆ ಘಟ್ಟದ ದಾರಿ, ಮಳೆಗಾಲದಲ್ಲಿ ತೆರೆದಿದೆಯೇ ಎಂದು ಕೇಳಿಕೊಂಡು ಹೊರಡಿ. ಉಳಿಯಲು ಕುಮಟಾದಲ್ಲಿ ಲಾಡ್ಜುಗಳಿವೆ, ಹಳ್ಳಿಗಳಲ್ಲಿ ಹೋಂಸ್ಟೇಗಳಿವೆ. ಎರಡನೆಯದನ್ನೇ ಆರಿಸಿ, ಭರತ-ಇಳಿತ ಅಂಗಳದಲ್ಲೇ ತಿಳಿಯುತ್ತದೆ.

ಒಂದೇ ದಿನ ಇದೆ, ಯಾಣಕ್ಕೂ ಹೋಗಬೇಕು. ಸಾಧ್ಯವೇ?

ಸಾಧ್ಯ, ಆದರೆ ಅಳಿವೆ ಅರ್ಧಂಬರ್ಧ ಆಗುತ್ತದೆ. ಯಾಣದ 120 ಮೀಟರಿನ ಭೈರವೇಶ್ವರ ಶಿಖರ, ಪಕ್ಕದ ಮೋಹಿನಿ ಶಿಖರ ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ಸಲಕ್ಕಿರಲಿ. ಒಂದೇ ದಿನವಾದರೆ ಒಂದು ಇಳಿತವನ್ನೂ ಒಂದು ಭರತವನ್ನೂ ಪೂರ್ತಿ ನೋಡಿ.

ಇದು ರಾಮ್ಸಾರ್ ತಾಣವಂತೆ. ಓಡಾಟಕ್ಕೆ ನಿರ್ಬಂಧ ಇದೆಯೇ?

2024ರ ಜನವರಿ ಕೊನೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆಗೆ ಅಘನಾಶಿನಿ ಅಳಿವೆಯೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಆ ಪಟ್ಟಿ ಸೇರಿತು. ವ್ಯಾಪ್ತಿ 4,801 ಹೆಕ್ಟೇರ್. ಹಳ್ಳಿಗಳು, ದೋಣಿಗಳು, ಗದ್ದೆಗಳು ಎಂದಿನಂತೆ ಇವೆ, ನೀವು ನಡೆದಾಡಲು ಅಡ್ಡಿಯಿಲ್ಲ. ಇಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು, ಆಮೇಲೆ ತದಡಿಯಲ್ಲಿ ದೊಡ್ಡ ಬಂದರಿನ ಮಾತೂ ಬಂತು. ಊರವರು ಎದುರು ನಿಂತದ್ದರಿಂದ ನೀವಿಂದು ಬಳಚಿನ ದಿಬ್ಬದ ಮೇಲೆ ನಿಲ್ಲುವಂತಾಗಿದೆ. ಆ ಪಟ್ಟಿಗಿಂತ ಇದು ನನಗೆ ಮುಖ್ಯ.

ರಾತ್ರಿ ನೋಡಲಿಕ್ಕೆ ಏನಾದರೂ ಇದೆಯೇ?

ಚಳಿಗಾಲವಾದರೆ ಹತ್ತಿರದಲ್ಲೆಲ್ಲೋ ಬಯಲಾಟದ ಚಂಡೆ ಕೇಳಿಸುತ್ತಿರುತ್ತದೆ. ದನಿ ಬಂದ ಕಡೆ ನಡೆಯಿರಿ, ಯಾರೂ ತಡೆಯುವುದಿಲ್ಲ. ಇಲ್ಲವಾದರೆ ಊಟ ಮುಗಿಸಿ ದಂಡೆಗೆ ಬನ್ನಿ, ಟಾರ್ಚ್ ಆರಿಸಿ. ಏಡಿ ಹಿಡಿಯುವವರ ದೀಪ ದೂರದಲ್ಲಿ ಬಾಗುತ್ತ ಏಳುತ್ತ ಹೋಗುತ್ತದೆ. ಗಜನಿಯ ಬಾಗಿಲಿನ ಸಂದಿಯಿಂದ ನೀರು ಒಳನುಗ್ಗುವ ಸದ್ದು ಮೊದಲು ಜೋರಾಗಿ, ಆಮೇಲೆ ಸಣ್ಣಗೆ ಕೇಳುತ್ತದೆ. ಅದು ಪೂರ್ತಿ ನಿಂತಾಗ ಭರತ ತುಂಬಿತು ಎಂದು ತಿಳಿದು ಮನೆಯವರು ಎದ್ದು ಬಾಗಿಲು ನೋಡಿ ಬರಲು ಹೊರಡುತ್ತಾರೆ. ಕೇಳಿ, ನಿಮ್ಮನ್ನೂ ಕರೆದೊಯ್ಯುತ್ತಾರೆ.